ಒಪ್ಪಿಸಿಕೊಂಡ ಬಾಯಿ

ನನಗೆ ಸಿಟ್ಟು ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಯಶವಂತಪುರದ ಕಾರ್ಖಾನೆಯಲ್ಲಿ ನನ್ನ ಕೈಕೆಳಗಿನವರು ನನಗಿಟ್ಟಿದ್ದ ಹೆಸರು ಬಾಯ್ಲರ್. ಎದುರಿಗೆ ಕಾಶಿನಾಥ್ ಸಾರ್, ಬೆನ್ನ ಹಿಂದೆ ಬಾಯ್ಲರ್. ಅಲ್ಲಿ ಕೂಗಾಡುತ್ತಿದ್ದೆ, ಮನೆಯಲ್ಲಿ ಕೂಗಾಡುತ್ತಿರಲಿಲ್ಲ. ಮನೆಯಲ್ಲಿ ಸಿಟ್ಟು ಬಂದರೆ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದೆ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಹೊತ್ತು, ಮಾತಿಗೆ ಮಾತು ಬೆಳೆದರೆ ಒಂದು ದಿನ. ಹೆಂಡತಿಯ ಮೇಲೆ ಕೈ ಎತ್ತುವ ಗಂಡಸರಿಗಿಂತ ಇದು ಎಷ್ಟೋ ಮೇಲು ಎಂದು ನನ್ನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವೇ ಇತ್ತು.

ಎಪ್ಪತ್ತೊಂಬತ್ತರಲ್ಲಿ ನನಗೆ ಬರಬೇಕಾದ ಫೋರ್‌ಮನ್ ಹುದ್ದೆ ನನಗಿಂತ ಆರು ವರ್ಷ ಚಿಕ್ಕವನಿಗೆ ಹೋಯಿತು. ಮೂರು ದಿನ ಮನೆಯಲ್ಲಿ ಅನ್ನ ಮುಟ್ಟಲಿಲ್ಲ, ಚಹಾ ಕೂಡ ಕುಡಿಯಲಿಲ್ಲ. ಮನೆಯಲ್ಲಿ ಅಂದೆ, ಗಮನಿಸಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬೆಳಿಗ್ಗೆ ನಾಲ್ಕು ಇಡ್ಲಿ, ಎರಡು ವಡೆ, ಮಧ್ಯಾಹ್ನ ಊಟ, ಹೊರಡುವಾಗ ಖಾರಾಬಾತ್, ಎಲ್ಲ ಸಾಂಗವಾಗಿ ನಡೆದಿತ್ತು. ಸಿಟ್ಟು ಬಂದಿದೆಯೆಂದು ಹೊಟ್ಟೆಯನ್ನು ಯಾಕೆ ಸಾಯಿಸಬೇಕು?

ಅಂಥ ದಿನಗಳಲ್ಲಿ ನನ್ನ ಹೆಂಡತಿ ಶರಣವ್ವ ಒಂದು ಸಲ, ಒಂದೇ ಸಲ, “ಉಣ್ಣ ಬರ್ರಿ” ಅನ್ನುತ್ತಿದ್ದಳು. ಆಮೇಲೆ ಅಡುಗೆಮನೆಯ ಬಾಗಿಲನ್ನು ಅರ್ಧ ಮುಚ್ಚಿಕೊಳ್ಳುತ್ತಿದ್ದಳು. ಒಳಗಿನಿಂದ ಪಾತ್ರೆ, ಮುಚ್ಚಳದ ಸದ್ದು ಬರುತ್ತಿತ್ತು. ನೋಡು, ಗಂಡ ಉಪವಾಸ ಕೂತಿದ್ದರೂ ಇವಳಿಗೆ ತುತ್ತು ಹೇಗೆ ಒಳಗಿಳಿಯುತ್ತದೆ ಎಂದು ನನ್ನ ಸಿಟ್ಟು ಇನ್ನೊಂದು ಗೇಣು ಏರುತ್ತಿತ್ತು.

ಈಗ ಮೀನಿನ ವಿಷಯಕ್ಕೆ ಬರುತ್ತೇನೆ.

ಆಗ ನಾವು ಆರ್.ಟಿ. ನಗರದಲ್ಲಿ ಒಂದೇ ಸಾಲಿನ ನಾಲ್ಕು ಮನೆಗಳಲ್ಲಿ ಒಂದರಲ್ಲಿದ್ದೆವು. ಮಗಳು ಧಾರವಾಡದ ಹಾಸ್ಟೆಲಿನಲ್ಲಿದ್ದಳು; ಮನೆಯಲ್ಲಿ ನಾವಿಬ್ಬರೇ. ನಮ್ಮ ಗೋಡೆಗೆ ಅಂಟಿಕೊಂಡ ಮನೆ ಖಾದರ್ ಬಾಷಾ ಅವರದು. ಅಂಚೆ ಇಲಾಖೆಯಲ್ಲಿದ್ದರು. ಅವರ ಹೆಂಡತಿ ಕನೀಜ್ ಮಾಂಸ ಬೇಯಿಸುವ ದಿನ ನಮ್ಮ ಕಡೆಯ ಕಿಟಕಿ ಮುಚ್ಚುತ್ತಿದ್ದಳು. ಮುಚ್ಚು ಎಂದು ನಾವು ಒಂದು ದಿನವೂ ಹೇಳಿದ್ದಿಲ್ಲ. ಶರಣವ್ವ ಹೋಳಿಗೆ ಮಾಡಿದರೆ ಮೊದಲ ಡಬ್ಬಿ ಆ ಮನೆಗೆ ಹೋಗುತ್ತಿತ್ತು.

ಖಾದರ್ ಬಾಷಾಗೆ ಒಂದು ಹುಚ್ಚು, ಮೀನಿನದು. ಕಬ್ಬಿಣದ ಆಂಗಲ್‌ಗೆ ಗಾಜು ಕೂರಿಸಿ, ಪಟ್ಟಿ ಬಡಿದು, ಹಸಿರು ಬಣ್ಣ ಹೊಡೆದ ಮೂರಡಿ ಉದ್ದದ ತೊಟ್ಟಿ ಅವರ ನಡುಮನೆಯಲ್ಲಿತ್ತು. ಮೂಲೆಯಲ್ಲಿ ಒಂದು ಪಂಪು ಗುಳುಗುಳು ಎನ್ನುತ್ತಿತ್ತು. ಒಳಗೆ ಶಿವಾಜಿನಗರದಿಂದ ತಂದ ನಾಲ್ಕು ಬಂಗಾರದ ಬಣ್ಣದ ಮೀನುಗಳು. ಅವುಗಳ ಜೊತೆ, ಯಾರೂ ತೊಟ್ಟಿಯಲ್ಲಿ ಇಡದಂಥ ಎರಡು ಬೂದು ಬಣ್ಣದ ಮೀನು. ಹೆಬ್ಬಾಳದ ಕೆರೆಯವು, ಜಿಲೇಬಿ ಮೀನು ಎಂದು ಕರೆಯುತ್ತಾರೆ. ಸಾರಿಗೆಂದು ತಂದಿದ್ದರಂತೆ, ಚೀಲದಲ್ಲಿ ಇನ್ನೂ ಒದ್ದಾಡುತ್ತಿದ್ದ ಎರಡನ್ನು ನೋಡಿ ಖಾದರ್ ಅವರ ಮನಸ್ಸು ಕರಗಿ, ತೊಟ್ಟಿಗೆ ಬಿಟ್ಟರಂತೆ. ಉಳಿದವನ್ನು ಸಾರು ಮಾಡಿ ಉಂಡರು. ಮನುಷ್ಯನ ದಯೆ ಹೀಗೇ ಇರುತ್ತದೆ.

ಎಂಬತ್ನಾಲ್ಕರ ಮೇ ತಿಂಗಳು. ನಾಲ್ಕು ವರ್ಷಕ್ಕೊಮ್ಮೆ ಸರ್ಕಾರ ಕೊಡುವ ಪ್ರವಾಸದ ರಜೆ ಹಾಕಿ ಖಾದರ್ ಬಾಷಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಜ್ಮೀರ್, ದೆಹಲಿ, ಆಗ್ರಾ ನೋಡಲು ಹೊರಟರು. ಹಿಂದಿನ ದಿನ ಸಂಜೆ ಗಂಡ ಹೆಂಡತಿ ಇಬ್ಬರೂ ನಮ್ಮ ಬಾಗಿಲಿಗೆ ಬಂದರು.

“ಕಾಶಿನಾಥಣ್ಣ, ಒಂದ್ ಹೆಲ್ಪ್ ಆಗ್ಬೇಕಲ್ಲಾ,” ಎಂದರು ಖಾದರ್. “ಇಪ್ಪತ್ ದಿನ ಮೀನ್ ನೋಡ್ಕೊಬೇಕು. ಬೆಳಿಗ್ಗೆ ಒಂದ್ ಚಿಟಿಕೆ, ಸಾಯಂಕಾಲ ಒಂದ್ ಚಿಟಿಕೆ. ಅಷ್ಟೇ ಕಣಣ್ಣ.”

“ಖಾದರ್ ಸಾಬ್ರ, ನಾವು ಲಿಂಗವಂತರು. ನೀವು ಅವಕ್ಕ ಹುಳಾ ಹುಪ್ಪಡಿ ಹಾಕ್ತೀರಿ. ಈಕಿ ಅದನ್ನೆಲ್ಲಾ ಮುಟ್ಟೂದಿಲ್ಲ,” ಎಂದೆ. ಬೇಡದ ಕೆಲಸ ತಪ್ಪಿಸಿಕೊಳ್ಳಲು ಜಾತಿ ಒಳ್ಳೆಯ ನೆವ.

ಕನೀಜ್ ನಕ್ಕು ಸೆರಗಿನ ಮರೆಯಿಂದ ಒಂದು ಬೋರ್ನ್‌ವೀಟಾ ಡಬ್ಬಿ ತೆಗೆದಳು. “ಅದು ನನಗೆ ಗೊತ್ತಿಲ್ವಾ ಅಣ್ಣ? ಸೀಗಡಿ ಪುಡಿ ಎಲ್ಲಾ ಎತ್ತಿಟ್ಟಿದೀನಿ. ಇದು ಕಡ್ಲೆಕಾಯ್ ಹಿಂಡಿ, ಗೋಧಿ ಹಿಟ್ಟು. ನಾನೇ ಹುರಿದು ಮಾಡಿದೀನಿ. ಇಪ್ಪತ್ ದಿನ ಅವೂ ನಿಮ್ ಜಾತಿಗೆ ಸೇರ್ಕೊಳ್ಲಿ ಬಿಡಿ.”

ನಾನು ಇನ್ನೇನೋ ಹೇಳುವಷ್ಟರಲ್ಲಿ ಶರಣವ್ವ ಮುಂದೆ ಬಂದು ಎರಡೂ ಕೈ ಚಾಚಿ ಡಬ್ಬಿಯನ್ನು ತೆಗೆದುಕೊಂಡಳು. “ಎಷ್ಟು ಬಾಯಿ ಅದಾವ ಬೇ?” ಎಂದು ಕೇಳಿದಳು.

“ಆರು, ಶರಣಕ್ಕ.”

“ಆರು,” ಎಂದು ತಾನೂ ಹೇಳಿಕೊಂಡಳು. ಅಲ್ಲಿಗೆ ಮುಗಿಯಿತು.

ಇವಳ ಈ ಬಾಯಿ ಲೆಕ್ಕದ ಬಗ್ಗೆ ಹೇಳಬೇಕು. ಅವಳ ತವರು ಇಳಕಲ್ ಹತ್ತಿರದ ಹಳ್ಳಿ. ಅಲ್ಲಿ ಅವಳ ಅವ್ವ ಉಣ್ಣುವ ಮೊದಲು ಗೋದಲಿಯಲ್ಲಿ ಮೇವು ಇದೆಯೇ ನೋಡಿ, ನಾಯಿಗೆ ರೊಟ್ಟಿ ತುಣುಕು ಹಾಕಿ, ಹೊರಗಿನ ಕಟ್ಟೆಯ ಮೇಲೆ ಹಸಿದವರು ಯಾರಾದರೂ ಕೂತಿದ್ದಾರೆಯೇ ಎಂದು ಇಣುಕಿ ಬರುತ್ತಿದ್ದಳಂತೆ. ಒಪ್ಪಿಸಿಕೊಂಡ ಬಾಯಿಗಳೆಲ್ಲ ಆಡಿದ ಮೇಲೆ, ಅಂದರೆ ಉಂಡ ಮೇಲೆ, ತನ್ನ ಬಾಯಿ ಆಡಬೇಕು, ಇದು ಆ ಮನೆಯ ಹೆಂಗಸರ ನೇಮ. ಶರಣವ್ವ ಅದನ್ನು ಬೆಂಗಳೂರಿಗೂ ಹೊತ್ತು ತಂದಿದ್ದಳು. ಒಮ್ಮೆ ಮನೆ ಮಾಲೀಕರು ಊರಿಗೆ ಹೋದಾಗ ಅವರ ಕರುವನ್ನು ನೋಡಿಕೊಂಡಳು. ಆ ನಾಲ್ಕು ದಿನ ಕರುವಿಗೆ ಹುಲ್ಲು ಹಾಕದೆ ಬಾಯಿಗೆ ನೀರು ಬಿಡಲಿಲ್ಲ. ಹೆಂಗಸರ ಮಡಿ ಗಿಡಿ ಎಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಮೊದಲ ಮೂರು ದಿನ ಏನೂ ತೊಂದರೆಯಾಗಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬೀಗದ ಕೈ ಹಿಡಿದು ಪಕ್ಕದ ಮನೆಗೆ ಹೋಗುತ್ತಿದ್ದಳು. ಹಿಂತಿರುಗಿ ಬಂದು, “ಆರೂ ಬಾಯಿ ಆಡಿದವ್ರಿ,” ಎಂದು ವರದಿ ಒಪ್ಪಿಸಿ ತಟ್ಟೆ ಹಾಕಿಕೊಳ್ಳುತ್ತಿದ್ದಳು. ಮೂರನೆಯ ದಿನ ಸಂಜೆ ಅವಳ ಕೈಯಲ್ಲಿ ಜೋಳದ ರೊಟ್ಟಿಯ ಚೂರು ಕಂಡಿತು.

“ಅದು ಎಲ್ಲಿಗೆ?”

“ದಿನಾ ಆ ಹಿಂಡೀನ ತಿಂದು ಬಾಯಿ ಕೆಟ್ಟಿರಬೇಕ್ರಿ, ಪಾಪ. ಒಂಚೂರು ರೊಟ್ಟಿ ಪುಡಿ ಮಾಡಿ ಹಾಕ್ತೀನಿ.”

“ಒಂದು ಚಿಟಿಕೆ ಅಂದಾರ ಅವರು.”

“ಮನಿಗೆ ಬಂದವರಿಗೆ ಯಾರರ ಚಿಟಿಕಿಲೆ ಬಡಿಸ್ತಾರೇನ್ರಿ?”

ಮನೆಗೆ ಬಂದವರು ಅವಲ್ಲ, ನೀನೇ ಅವುಗಳ ಮನೆಗೆ ಹೋಗುತ್ತಿದ್ದೀಯ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ಮರುದಿನ ಬೆಳಿಗ್ಗೆ ಬಂದವಳ ಮುಖ ಇಳಿದಿತ್ತು. “ಐದು ಬಾಯಿ ಆಡಿದವ್ರಿ,” ಎಂದಳು. ತಟ್ಟೆ ಹಾಕಿಕೊಳ್ಳಲಿಲ್ಲ.

ನಾನೂ ಹೋಗಿ ನೋಡಿದೆ. ಎರಡು ಜಿಲೇಬಿಗಳಲ್ಲಿ ಸಣ್ಣದು ಕಲ್ಲಿನ ಹಿಂದೆ ಮೂಲೆ ಹಿಡಿದು ನಿಂತಿತ್ತು. ಹಿಂಡಿ ಹಾಕಿದರೆ ಉಳಿದ ಐದೂ ಮೇಲೆ ಬಂದು ಮುಗಿಬಿದ್ದವು. ಇದು ಜಾಗ ಬಿಟ್ಟು ಕದಲಲಿಲ್ಲ. ಗದ್ದದ ಕೆಳಗೆ ಮಂಗನಬಾವು ಆದವರ ಹಾಗೆ ಊದಿಕೊಂಡಿತ್ತು.

“ನನ್ನ ರೊಟ್ಟಿ ಸಿಕ್ಕೊಂಡೈತ್ರಿ ಗಂಟಲಾಗ,” ಎಂದಳು ಶರಣವ್ವ. “ಕನೀಜ್ ಎಷ್ಟು ಕಾಳಜಿಲೆ ಡಬ್ಬಿ ತುಂಬಿ ಕೊಟ್ಟಿದ್ಲು. ನಾನ ಶಾಣ್ಯಾಕಿ ಆಗಾಕ ಹೋದೆ.”

“ನಾಳೆ ಸರಿ ಹೋಗತೈತಿ. ನಡಿ, ಉಣ್ಣು ನಡಿ.”

“ಅದು ಉಂಡಿಲ್ಲಲ್ರಿ.”

ನಾಳೆ ಸರಿ ಹೋಗಲಿಲ್ಲ, ನಾಡಿದ್ದೂ ಇಲ್ಲ. ಶರಣವ್ವ ಬೆಳಿಗ್ಗೆ ಒಂದು ಲೋಟ ಚಹಾ, ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಬಿಟ್ಟರೆ ಏನೂ ತೆಗೆದುಕೊಳ್ಳಲಿಲ್ಲ. ನನಗೆ ಮಾತ್ರ ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ, ಪಲ್ಯ, ಅನ್ನ, ಸಾರು. ಬಡಿಸಿ ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡುತ್ತಿದ್ದಳು. ಬಾಯ್ಲರ್‌ಗೆ ಒತ್ತಡ ಏರದೆ ಇರುತ್ತದೆಯೇ? ಉಪವಾಸದ ಎರಡನೆಯ ದಿನ ಕೂಗಿದೆ. ಮನೆಯಲ್ಲಿ ಕೂಗಿದ್ದು ಅದೇ ಮೊದಲಿರಬೇಕು. “ಒಂದು ಮೀನಿಗೋಸ್ಕರ ಸಾಯ್ತೀಯೇನ? ಕೆರಿ ದಂಡ್ಯಾಗ ಬುಟ್ಟಿಗಟ್ಟಲೆ ಮಾರ್ತಾರ ಅವನ್ನ!” ಅವಳು ಕೇಳಿಸಿಕೊಂಡಳು. ಪಾತ್ರೆ ತೊಳೆಯಲು ಎದ್ದುಹೋದಳು.

ಮೂರನೆಯ ದಿನ ಕಾರ್ಖಾನೆಯಿಂದ ಬರುವಾಗ ಪರಿಚಯದ ದನದ ಡಾಕ್ಟರೊಬ್ಬರನ್ನು ಕೇಳಿದೆ. ಎಮ್ಮೆಯ ಗಂಟಲಲ್ಲಿ ಮಾವಿನ ಓಟೆ ಸಿಕ್ಕಿಕೊಂಡರೆ ಕೈ ಹಾಕಿ ತೆಗೆಯಬಹುದು, ಮೀನಿನ ಗಂಟಲಿಗೆ ಕೈ ಹಾಕುವುದು ಯಾವ ಪುಸ್ತಕದಲ್ಲೂ ಇಲ್ಲ ಎಂದರು. ಅವರದೇನೂ ತಪ್ಪಿಲ್ಲ.

ನಾಲ್ಕನೆಯ ದಿನ ಸುಳ್ಳು ಹೇಳಿದೆ. ಸಂಜೆ ನಾನೇ ಹೋಗಿ ಹಿಂಡಿ ಹಾಕಿ ಬಂದು, “ಆರೂ ಆಡಿದವು. ಹಬ್ಬದೂಟ ಉಂಡಂಗ ಉಂಡವು,” ಎಂದೆ. ಅವಳು ನನ್ನ ಮುಖ ನೋಡಿದಳು. ಬೀಗದ ಕೈ ತೆಗೆದುಕೊಂಡು ತಾನೇ ಹೋಗಿ ಬಂದಳು. ಬಂದು ಎಂದಿನಂತೆ ನನಗೊಬ್ಬನಿಗೇ ತಟ್ಟೆ ಹಾಕಿದಳು. ಅದು ನನಗೆ ಇನ್ನೂ ಉರಿಯಿತು.

ಐದನೆಯ ದಿನ ಭಾನುವಾರ. ನನ್ನ ಹಳೆಯ ಅಸ್ತ್ರ ತೆಗೆದೆ. ಮಧ್ಯಾಹ್ನ ಬಡಿಸಿದ ತಟ್ಟೆಯನ್ನು ಹಾಗೇ ಸರಿಸಿ, “ನೀ ಉಣ್ಣೂತನಕ ನಾನೂ ಉಣ್ಣಂಗಿಲ್ಲ,” ಎಂದು ಎದ್ದೆ.

ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಆ ತಟ್ಟೆ ಸರಿಸುವುದನ್ನು ಎಷ್ಟು ಸಲ ನೋಡಿದ್ದಳೋ. ಆವತ್ತು ಮೊದಲ ಸಲ ನನ್ನ ಕೈ ಹಿಡಿದಳು. ಅವಳ ಕೈ ತಣ್ಣಗಿತ್ತು.

“ಬ್ಯಾಡ್ರಿ. ನಿಮಗ ಕೈ ಮುಗೀತೀನಿ. ಒಂದಾದ್ರ ಹೆಂಗರ ತಡೀತೀನಿ. ಎರಡಾದ್ರ ನನ್ನ ಕಡೆ ಆಗಂಗಿಲ್ಲ.”

ಎರಡು ಅಂದರೆ ಯಾವ ಎರಡು ಎಂದು ನಾನು ಕೇಳಲಿಲ್ಲ. ಹೆದರಿದ್ದಾಳೆ, ಅಸ್ತ್ರಕ್ಕೆ ಇನ್ನೂ ಹರಿತ ಇದೆ ಎಂದುಕೊಂಡೆ. ಕೂತು ಉಂಡೆ. ಪಲ್ಯ ಚೆನ್ನಾಗಿತ್ತು.

ಎಂಟನೆಯ ದಿನ ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತುವಾಗ ಅವಳಿಗೆ ಕಣ್ಣು ಕತ್ತಲೆ ಬಂದು ಬಿದ್ದಳು. ಕೊಡ ಉರುಳಿದ ಸದ್ದಿಗೆ ನಾನು ಹೊರಗೆ ಓಡಿದೆ. ಹಣೆ ಕಲ್ಲಿಗೆ ತಾಗಿ ಒಂದಿಷ್ಟು ರಕ್ತ ಬಂದಿತ್ತು. ಆಟೋದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಪಟ್ಟಿ ಸುತ್ತಿ, ರಕ್ತದೊತ್ತಡ ನೋಡಿ, ನನ್ನನ್ನು ಹೊರಗೆ ಕರೆದರು. “ಏನ್ರೀ, ಮನೇಲಿ ಊಟ ಹಾಕಲ್ವೇನ್ರೀ ಇವರಿಗೆ? ಇನ್ನೆರಡ್ ದಿನ ಹೀಗೇ ಬಿಟ್ರೆ ಅಡ್ಮಿಟ್ ಮಾಡ್ಬೇಕಾಗುತ್ತೆ.” ಊಟ ಹಾಕುವುದಿಲ್ಲವೇ ಎಂದು ನನ್ನನ್ನು ಕೇಳಿದ್ದರು. ಮೀನಿನ ಕಥೆ ಹೇಳಲು ನಾಚಿಕೆಯಾಗಿ ಫೀಸು ಕೊಟ್ಟು ಅವಳನ್ನು ಕರೆದುಕೊಂಡು ಹೊರಟೆ.

ಮನೆಗೆ ಬಂದ ಮೇಲೆ, “ಈಗರ ಉಣ್ಣು,” ಎಂದೆ. ಕೂಗಲಿಲ್ಲ, ಬೇಡಿಕೊಂಡೆ ಎಂದೇ ಹೇಳಬೇಕು. ಗೋಡೆಗೆ ಒರಗಿ ಕೂತವಳು, “ನನ್ನ ಕೈಯಾರೆ ಅದರ ಗಂಟಲ ಕಟ್ಟೀನ್ರಿ. ಹೆಂಗ ಉಣ್ಣಲಿ?” ಎಂದಳು. ಕಣ್ಣುಗಳು ಒಳಗೆ ಹೋಗಿದ್ದವು. ನನಗೆ ನಿಜವಾಗಿ ಹೆದರಿಕೆಯಾಯಿತು. ನನಗೆ ಹೆದರಿಕೆಯಾದರೂ ಅದು ಸಿಟ್ಟಾಗಿಯೇ ಹೊರಬರುತ್ತದೆ. ಆವತ್ತು ಎಲ್ಲ ಸಿಟ್ಟೂ ಆ ಮೀನಿನ ಮೇಲೆ ಹೋಯಿತು.

ನನ್ನ ಲೆಕ್ಕ ಸರಳವಾಗಿತ್ತು. ತೊಟ್ಟಿಯಲ್ಲಿ ಆರು ಬಾಯಿ ಇರುವ ತನಕ ಆರೂ ಆಡಬೇಕು. ಐದೇ ಇದ್ದರೆ ಐದು ಆಡಿದರೆ ಸಾಕು. ಮೀನು ಸತ್ತಿತು, ಹಿತ್ತಿಲಲ್ಲಿ ಹೂತೆ ಎಂದು ಹೇಳುವುದು. ಅವಳು ಒಂದು ದಿನ ಅಳುತ್ತಾಳೆ, ಆಮೇಲೆ ಉಣ್ಣುತ್ತಾಳೆ. ಕೊಲ್ಲಲು ನನಗೂ ಮನಸ್ಸಿರಲಿಲ್ಲ. ಬಂದ ಕೆರೆಗೇ ಬಿಟ್ಟುಬಿಟ್ಟರೆ ಅದರ ಹಣೆಬರಹ ಅದು ನೋಡಿಕೊಳ್ಳುತ್ತದೆ.

ಮರುದಿನ ರಜೆ ಹಾಕಿದೆ. ಹತ್ತು ಗಂಟೆಯ ಹೊತ್ತಿಗೆ ಶರಣವ್ವಗೆ ಜೊಂಪು ಹತ್ತಿತ್ತು. ಮೊಳೆಯಿಂದ ಬೀಗದ ಕೈ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಖಾದರ್ ಅವರ ಪುಟ್ಟ ಬಲೆಯಿಂದ ಆ ಮೀನನ್ನು ಹಿಡಿಯುವಷ್ಟರಲ್ಲಿ ಅಂಗಿಯ ತೋಳು ಪೂರ್ತಿ ಒದ್ದೆ. ಪ್ಲಾಸ್ಟಿಕ್ ಬಕೆಟ್ಟಿಗೆ ತೊಟ್ಟಿಯ ನೀರನ್ನೇ ತುಂಬಿ, ಮೀನು ಹಾಕಿ, ಮೇಲೆ ತಟ್ಟೆ ಮುಚ್ಚಿ, ಸೈಕಲ್ಲಿನ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೊರಟೆ. ಬಳ್ಳಾರಿ ರಸ್ತೆಯ ಹೊಂಡಗಳಲ್ಲಿ ಬಕೆಟ್ಟು ಕುಣಿಯಿತು, ನೀರು ತುಳುಕಿ ನನ್ನ ಬೆನ್ನು ನೆನೆಯಿತು. ದಾರಿಯುದ್ದಕ್ಕೂ ಆ ಮೀನಿಗೆ ನನ್ನ ಭಾಷೆಯಲ್ಲಿ ಬೈದೆ.

ಬೇಸಿಗೆಯಲ್ಲಿ ಹೆಬ್ಬಾಳದ ಕೆರೆ ಹಿಂದಕ್ಕೆ ಸರಿದಿತ್ತು. ಕೆಸರು ದಾಟಿ ನೀರಿನ ತನಕ ಹೋಗಬೇಕು. ದಂಡೆಯಲ್ಲಿ ಒಬ್ಬ ಮುದುಕ ಕೂತು ಬಲೆಯ ಹರುಕು ಹೊಲಿಯುತ್ತಿದ್ದ. ಮುನಿವೆಂಕಟಯ್ಯ ಅಂತ ಹೆಸರು, ಆಮೇಲೆ ತಿಳಿಯಿತು. ನಾನು ಬಕೆಟ್ಟು ಇಳಿಸಿ ತಟ್ಟೆ ತೆಗೆದೆ.

ನೀರಿನ ತುಂಬ ಏನೋ ಚುಕ್ಕಿ ಚುಕ್ಕಿ ಓಡಾಡುತ್ತಿತ್ತು. ಸೊಳ್ಳೆಯ ಮರಿ ಎಂದುಕೊಂಡೆ. ಬಗ್ಗಿ ನೋಡಿದರೆ ಪ್ರತಿ ಚುಕ್ಕಿಗೂ ಎರಡೆರಡು ಕಣ್ಣು.

“ಏನ್ ಸ್ವಾಮಿ, ಎಲ್ರೂ ಕೆರೆಯಿಂದ ಮೀನ್ ತಗೊಂಡೋಯ್ತಾರೆ, ನೀವು ಕೆರೆಗೇ ತಂದಿದೀರಾ?” ಎಂದು ನಗುತ್ತ ಮುದುಕ ಎದ್ದು ಬಂದ. ಬಕೆಟ್ಟಿನೊಳಗೆ ಇಣುಕಿದವನು ನಗು ನಿಲ್ಲಿಸಿದ. “ಅಯ್ಯೋ ಶಿವನೇ! ಬಾಣಂತಿ ಕಣ್ ಸ್ವಾಮಿ ಇದು! ಯಾಕಿಂಗ್ ಒತ್ಕೊಂಡ್ ಬಂದ್ರಿ ಬಿಸ್ಲಲ್ಲಿ?”

“ಬಾಣಂತಿಯೇ? ಮೀನು ಮೊಟ್ಟೆ ಇಡೋದಲ್ಲವೇ?”

“ಇಡ್ತದೆ. ಇಟ್ಟ ಮೊಟ್ಟೆ ಎಲ್ಲಾ ಬಾಯಾಗ್ ತುಂಬ್ಕೊಂತದೆ. ಬಾಯಾಗೇ ಮರಿ ಆಯ್ತವೆ, ಬಾಯಾಗೇ ಬೆಳೀತವೆ. ಜಿಲೇಬಿ ಜಾತಿನೇ ಇಂಗೆ. ನೀವು ಇಡ್ದು ಕುಲುಕಾಡ್ಸಿದ್ಕೆ ಎದ್ರಿ ಉಗುಳ್ಬುಟ್ಟೈತೆ.”

“ಅದು ಒಂಬತ್ತು ದಿನದಿಂದ ಏನೂ ತಿಂದಿಲ್ಲ. ಗಂಟಲಲ್ಲಿ ರೊಟ್ಟಿ ಸಿಕ್ಕಿದೆ ಅಂದುಕೊಂಡಿದ್ದೆವು.”

ಮುದುಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ರೊಟ್ಟಿ ಅಲ್ಲ ಸ್ವಾಮಿ, ಮಕ್ಳು. ಎಂಗ್ ತಿಂದಾತು ಏಳಿ? ತಿನ್ನಕ್ ಓದ್ರೆ ಮಕ್ಳೂ ಒಳೀಕ್ ಓಗ್ಬುಡ್ತವೆ. ಅದ್ಕೇ ಒಟ್ಟೆ ಕಟ್ಕೊಂಡ್ ಬಿದ್ದಿರ್ತದೆ. ಅದಿನೈದು ದಿನ ಆದ್ರೂ ಇಂಗೇ ಇರ್ತದೆ. ಒಂದ್ನೂ ನುಂಗಾಕಿಲ್ಲ.”

ತನ್ನ ಹೆಗಲ ಮೇಲಿನ ಟವೆಲನ್ನು ಬಿಡಿಸಿ ಬಕೆಟ್ಟಿನ ಮೇಲೆ ನೆರಳಾಗುವಂತೆ ಹಿಡಿದ. “ಅಲ್ಲಾಡ್ಬ್ಯಾಡಿ. ಸುಮ್ಕೆ ಕುಂತ್ಕಳಿ.”

ಕೂತೆವು. ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೂತದ್ದು ನನ್ನ ನೆನಪಿನಲ್ಲಿಲ್ಲ. ಮೀನು ತಳದಲ್ಲಿ ಕಿವಿರು ಆಡಿಸುತ್ತ ನಿಂತಿತ್ತು. ಹತ್ತು ನಿಮಿಷವಾಗಿರಬಹುದು. ಅದು ಸ್ವಲ್ಪ ತಲೆ ತಗ್ಗಿಸಿ ಬಾಯಿ ತೆರೆಯಿತು. ಆ ಚುಕ್ಕಿಗಳೆಲ್ಲ ಗುಂಪುಗೂಡಿ, ಶಾಲೆ ಗಂಟೆ ಹೊಡೆದ ಹಾಗೆ, ಒಂದರ ಹಿಂದೆ ಒಂದು ಒಳಗೆ ನುಗ್ಗಿದವು. ಕೊನೆಯಲ್ಲಿ ದಾರಿ ತಪ್ಪಿದ ಒಂದೆರಡನ್ನು ಅದೇ ಹುಡುಕಿಕೊಂಡು ಹೋಗಿ ಎತ್ತಿಕೊಂಡಿತು. ಬಾಯಿ ಮುಚ್ಚಿತು. ಗದ್ದ ಮತ್ತೆ ಊದಿಕೊಂಡಿತು. ಮೂರು ಮರಿಗಳು ತಳದಲ್ಲೇ ಉಳಿದವು, ಅಲುಗಾಡಲಿಲ್ಲ. ಆ ಮೂರು ನನ್ನ ಸೈಕಲ್ ಸವಾರಿಯ ಲೆಕ್ಕಕ್ಕೆ.

“ಕೆರೆಗ್ ಬುಡ್ತೀರಾ?” ಎಂದ ಮುನಿವೆಂಕಟಯ್ಯ.

“ಇಲ್ಲ,” ಎಂದೆ.

ವಾಪಸು ಬರುವಾಗ ಸೈಕಲ್ ಹತ್ತಲಿಲ್ಲ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈ ಬಕೆಟ್ಟಿನ ಮೇಲೆ, ಹೊಂಡ ಬಂದಲ್ಲಿ ನಿಂತು, ಬಸ್ಸು ಬಂದಲ್ಲಿ ಪಕ್ಕಕ್ಕೆ ಸರಿದು, ಮೇ ತಿಂಗಳ ಬಿಸಿಲಲ್ಲಿ ಹೆಬ್ಬಾಳದಿಂದ ಆರ್.ಟಿ. ನಗರದ ತನಕ ನಡೆದೆ. ಕಾರ್ಖಾನೆಯವರು ಯಾರಾದರೂ ನೋಡಿದ್ದರೆ ಬಾಯ್ಲರ್ ಹೆಸರು ಹೋಗಿ ಬೇರೆ ಏನೋ ಇಡುತ್ತಿದ್ದರು.

ಶರಣವ್ವ ಖಾದರ್ ಅವರ ಬಾಗಿಲಿಗೆ ಒರಗಿಕೊಂಡು ನಿಂತಿದ್ದಳು. ಅವಸರದಲ್ಲಿ ನಾನು ಆ ಬಾಗಿಲಿಗೆ ಬೀಗ ಹಾಕಿರಲಿಲ್ಲ; ತೊಟ್ಟಿ ನೋಡಿ ಆಗಿತ್ತು. ಹಣೆಯ ಪಟ್ಟಿ ಬೆವರಿಗೆ ಸಡಿಲಾಗಿತ್ತು.

“ಎಲ್ಲಿಗೆ ಒಯ್ದಿದ್ರಿ ಅದನ್ನ?”

ಸುಳ್ಳು ಹೇಳಲು ಜಾಗವೇ ಇರಲಿಲ್ಲ. ಕೆರೆಗೆ ಬಿಡಲು ಒಯ್ದದ್ದು, ಸತ್ತಿತು ಎಂದು ಹೇಳಲಿದ್ದದ್ದು, ಮುದುಕ ಹೇಳಿದ್ದು, ಕಣ್ಣಾರೆ ಕಂಡದ್ದು, ಸತ್ತ ಮೂರು ಮರಿ, ಎಲ್ಲ ಹೇಳಿದೆ. ಬಕೆಟ್ಟನ್ನು ತೊಟ್ಟಿಯೊಳಗೆ ನಿಧಾನ ಬಗ್ಗಿಸಿದೆ. ಮೀನು ಜಾರಿಕೊಂಡು ಹೋಗಿ ಅದೇ ಕಲ್ಲಿನ ಹಿಂದೆ ನಿಂತಿತು. ಶರಣವ್ವ ನೆಲದ ಮೇಲೆ ಕೂತು ಗಾಜಿಗೆ ಮುಖ ಹಚ್ಚಿದಳು.

“ಯವ್ವಾ, ಬಾಣಂತಿ ಅದೀಯೇನ ನೀನು? ಒಂದು ಮಾತು ತಿಳೀಲಿಲ್ಲಲ್ಲವಾ ನನಗ,” ಎಂದು ಅದರ ಜೊತೆ ಮಾತಾಡಿದಳು. ಎಷ್ಟೋ ದಿನದ ಮೇಲೆ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಇದು ಉಪವಾಸ ಅಲ್ರಿ, ಬಾಣಂತನ. ಇದಕ್ಕ ನಾ ಉಪವಾಸ ಮಾಡಬೇಕಾಗಿಲ್ಲ. ನಡೀರಿ,” ಎಂದಳು.

ಮನೆಗೆ ಬಂದು ಅವಳನ್ನು ಕೂಡಿಸಿ ನಾನೇ ತಟ್ಟೆ ಹಾಕಿದೆ. ಬೆಳಿಗ್ಗೆ ನನಗೆಂದು ಮಾಡಿದ್ದ ಅನ್ನ ಇತ್ತು, ಮೊಸರು ಇತ್ತು. ನಾನು ಬಡಿಸಿದ್ದು ಅದೇ ಮೊದಲು. ಅರ್ಧ ಅನ್ನ ನೆಲಕ್ಕೆ ಬಿತ್ತು. ಹೆದರಿಕೆ ಹೋಗಿತ್ತು, ಅದರ ಜಾಗಕ್ಕೆ ಸಿಟ್ಟು ವಾಪಸು ಬಂತು.

“ನಿನ್ನಂಥ ಹುಚ್ಚೀನ ಎಲ್ಲೂ ನೋಡಿಲ್ಲ ನಾನು. ಒಂಬತ್ತು ದಿನ! ಒಂದು ಮೀನಿನ ಸಲುವಾಗಿ ಒಂಬತ್ತು ದಿನ!”

“ಒಂಬತ್ತು ದಿನ ದೊಡ್ಡದಲ್ರಿ. ಚಾ ಇತ್ತು, ಮಜ್ಜಿಗಿ ಇತ್ತು. ಆ ಫೋರ್‌ಮನ್ ಗದ್ದಲದಾಗ ಮೂರು ದಿನ ಭಾಳ ತ್ರಾಸ ಆಗಿತ್ತು. ಆವಾಗ ಚಾ ಸುದ್ದಾ ಕುಡಿಯಂಗ ಇರಲಿಲ್ಲ. ನೀವು ಕುಡಿದಿರಲಿಲ್ಲಲ್ಲ.”

ಮೊಸರಿನ ಪಾತ್ರೆ ಕೈಯಲ್ಲಿ ಹಾಗೇ ನಿಂತಿತು.

“ನೀನೂ ಉಂಡಿರಲಿಲ್ಲೇನು?”

“ನೀವು ಉಣ್ಣದ ದಿನ ನಾ ಯಾವತ್ತು ಉಂಡೀನ್ರಿ?”

“ಒಳಗ ಪಾತ್ರಿ ಸಪ್ಪಳ ಆಗ್ತಿತ್ತಲ್ಲ?”

“ನಿಮ್ಮ ಪಾಲಿಂದು ಮುಚ್ಚಿಡ್ತಿದ್ದೆ. ನಂದೂ ಮುಚ್ಚಿಡ್ತಿದ್ದೆ.”

“ನಾನೇನು ಕರುವೇನ? ಮೀನೇನ? ನನ್ನ ಯಾರು ನಿನಗ ಒಪ್ಪಿಸಿದ್ರು?”

“ನಿಮ್ಮವ್ವ. ಮದುವಿ ದಿನ ನನ್ನ ಕೈ ಹಿಡಿದು ಅಂದಿದ್ರು. ಇವನಿಗೆ ಸಿಟ್ಟು ಭಾಳ, ಇವನ ಹೊಟ್ಟಿ ನಿನಗ ಒಪ್ಪಿಸೀನಿ ಅಂತ.”

ಇಪ್ಪತ್ತೆರಡು ವರ್ಷ. ಉಪ್ಪು ಹೆಚ್ಚಾದ ಹೊತ್ತುಗಳು, ಮಾತು ಬೆಳೆದ ದಿನಗಳು. ಎಷ್ಟಾದವು ಎಂದು ಎಣಿಸಲು ಹೋಗಿ ಬಿಟ್ಟೆ. ಅವಳು ತಟ್ಟೆಯಲ್ಲಿ ಅನ್ನ ಮೊಸರು ಕಲಸುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ದೂರುವ ಮುಖ ಅಲ್ಲ. ಬಹಳ ದಿನದಿಂದ ಕೇಳಬೇಕೆಂದಿದ್ದದ್ದು ಈಗ ನೆನಪಾಯಿತು ಎನ್ನುವ ಹಾಗೆ ಕೇಳಿದಳು.

“ಆ ಮೀನಿಗೆ ಬಾಯಾಗ ಮಕ್ಕಳಿದ್ದವು. ನಿಮ್ಮ ಬಾಯಾಗ ಏನಿತ್ರಿ?”

ನಾಲ್ಕು ಇಡ್ಲಿ, ಎರಡು ವಡೆ. ಹೇಳಬೇಕೆಂದು ಬಾಯಿ ತೆರೆದೆ, ಮತ್ತೆ ಮುಚ್ಚಿದೆ. ಈಗ ಇಷ್ಟು ವರ್ಷವಾಯಿತು, ಇನ್ನೂ ಹೇಳಿಲ್ಲ.

ಅವಳು ಕಲಸಿದ ತುತ್ತನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದಳು. ಯಾಕೆ ಉಣ್ಣುತ್ತಿಲ್ಲ ಎಂದು ಗದರಲು ಹೊರಟವನು ತಡೆದುಕೊಂಡೆ. ಮಧ್ಯಾಹ್ನ ಎರಡು ಗಂಟೆ ದಾಟಿತ್ತು, ಮೀನಿನ ಗಡಿಬಿಡಿಯಲ್ಲಿ ಬೆಳಿಗ್ಗೆಯಿಂದ ನಾನು ಏನೂ ತಿಂದಿರಲಿಲ್ಲ. ಇನ್ನೊಂದು ತಟ್ಟೆ ತಂದೆ. ಅವಳ ಎದುರಿಗೆ ಕೂತು, ಅನ್ನ ಹಾಕಿಕೊಂಡು, ಮೊದಲ ತುತ್ತು ನುಂಗಿದೆ.

ಆಮೇಲೆ ಅವಳು ಉಂಡಳು.